ಐನೂರು ರೂಪಾಯಿಯ ಗಂಟು

2024ರ ದೀಪಾವಳಿ ಮುಗಿದ ವಾರ ನನ್ನ ತಂಗಿಯ ಮಗ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದ. ಉಳಿದಿದ್ದ ಕೋಡುಬಳೆ ತಿಂದು, ಕಾಫಿ ಕುಡಿದು, ಮೆಲ್ಲಗೆ ಕೇಳಿದ: “ದೊಡ್ಡಮ್ಮ, ಐದು ಸಾವಿರ ಕೈಗಡ ಬೇಕಿತ್ತು. ಅಮ್ಮಂಗೆ ಹೇಳ್ಬೇಡ.”

“ಯಾಕೋ?” ಎಂದೆ. ಅವನು ನೋಟ್‌ಬುಕ್ಕನ್ನು ನನ್ನ ಮುಂದಿಟ್ಟ. ಮೇಲೆ ದಪ್ಪಕ್ಷರದಲ್ಲಿ ‘500ರಿಂದ 1,00,000’ ಎಂದು ಬರೆದಿತ್ತು. ಒಳಗೆ ತಾರೀಖು, ಮೇಜಿಗೆ ಒಯ್ದದ್ದು, ಎದ್ದಾಗ ಕೈಯಲ್ಲಿದ್ದದ್ದು, ಬಾಕಿ ಎಂದು ನಾಲ್ಕು ಅಂಕಣ. ಹುಡುಗ ಫೋನಿನಲ್ಲಿ ಪೋಕರ್ ಆಡುತ್ತಿದ್ದ. ತೀನ್ ಪತ್ತಿಯ ಹಾಗೆ ಎಲೆ ಮುಚ್ಚಿಟ್ಟು ಪಣ ಏರಿಸುತ್ತ ಹೋಗುವ ಇಸ್ಪೀಟು ಅದು. ಆಟಕ್ಕೆಂದೇ ಬೇರೆ ತೆಗೆದಿಟ್ಟ ಗಂಟಿಗೆ ಬ್ಯಾಂಕ್‌ರೋಲ್ ಅನ್ನುತ್ತಾರಂತೆ. “ಇದು ಜೂಜಲ್ಲ ದೊಡ್ಡಮ್ಮ, ಲೆಕ್ಕ” ಎಂದ.

ಅವನಿಗೊಬ್ಬ ಗುರುವೂ ಇದ್ದ. ಕ್ರಿಸ್ ಫರ್ಗುಸನ್ ಎಂಬ ಅಮೆರಿಕದವನು. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವನು, 2000ದಲ್ಲಿ ಪೋಕರ್‌ನ ವಿಶ್ವ ಚಾಂಪಿಯನ್ ಆದವನು. 2006ರಲ್ಲಿ ಆತ ಒಂದು ಪಂಥ ಕಟ್ಟಿದ: ಕೈಯಿಂದ ಬಿಡಿಗಾಸೂ ಹಾಕದೆ ಹತ್ತು ಸಾವಿರ ಡಾಲರ್ ಮಾಡಿ ತೋರಿಸುತ್ತೇನೆ ಎಂದು. ಪುಕ್ಕಟೆ ಪಂದ್ಯಗಳಲ್ಲಿ ಸಿಕ್ಕ ಚಿಲ್ಲರೆಯಿಂದ ಶುರುಮಾಡಿ, ಒಂದು ವರ್ಷಕ್ಕೂ ಮೀರಿ ಆಡಿ, ಮಾಡಿಯೂ ತೋರಿಸಿದ. ಅವನ ಕಟ್ಟಲೆಗಳು ಇವು: ಗಂಟಿನ ಶೇಕಡಾ 5ಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದು. ಪಂದ್ಯಾವಳಿಯಾದರೆ ಶೇಕಡಾ 2. ಮುಂದಿರುವ ಹಣ ಗಂಟಿನ ಶೇಕಡಾ 10 ಮೀರಿದರೆ, ಗೆಲ್ಲುತ್ತಿದ್ದರೂ ಎದ್ದುಬಿಡಬೇಕು.

ಸುಳ್ಳೇಕೆ ಹೇಳಲಿ, ಕೇಳಿ ನನಗೆ ಮೆಚ್ಚುಗೆಯಾಯಿತು. ಆದರೆ ಆಶ್ಚರ್ಯವಾಗಲಿಲ್ಲ. ಸಾಸಿವೆ ಡಬ್ಬಿಯಲ್ಲಿ ಹತ್ತರ ನೋಟು ಬಚ್ಚಿಟ್ಟು ಮಗಳ ಕಿವಿಗೆ ಓಲೆ ಮಾಡಿಸಿದ ಹೆಂಗಸರಿಗೆ ಈ ಕಟ್ಟಲೆ ಹೊಸದೇ? ಗಂಡಸು ಇಸ್ಪೀಟಿನ ಮೇಜಿನ ಮುಂದೆ ಮಾಡಿದರೆ ಅದು ಶಿಸ್ತು, ಶಾಸ್ತ್ರ. ನಾವು ಒಲೆಯ ಮುಂದೆ ಮಾಡಿದರೆ ಜಿಪುಣತನ. ಅದಿರಲಿ. ನನ್ನ ಜಗಳ ಶಿಸ್ತಿನ ಮೇಲಲ್ಲ, ಆ ನೋಟ್‌ಬುಕ್ಕಿನಲ್ಲಿ ಇಲ್ಲದ ಅಂಕಣಗಳ ಮೇಲೆ.

ಮೊದಲನೆಯದು, ಬಂದ ಹಣ ಯಾರದು ಎಂಬ ಅಂಕಣ. ಐನೂರು ರೂಪಾಯಿಗೆ ಉದ್ದಿನ ಬೇಳೆ ತಂದು ಹಪ್ಪಳ ಒತ್ತಿ ಮಾರಿದರೆ ಎರಡು ಕಾಸು ಉಳಿಯುತ್ತದೆ, ಕೊಂಡವರ ಮನೆಯಲ್ಲಿ ಹಪ್ಪಳವೂ ಇರುತ್ತದೆ. ಪೋಕರ್ ಮೇಜಿನ ಮೇಲೆ ಏನು ಬೆಳೆಯುತ್ತದೆ? ಗಂಟು “ಬೆಳೆಯಿತು” ಅನ್ನುತ್ತಾರೆ. ಬೆಳೆಯುವುದಿಲ್ಲ, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ಇವನ ಐನೂರು ಲಕ್ಷವಾಗಬೇಕಾದರೆ ಇವನಂಥವರೇ ನೂರಾರು ಹುಡುಗರ ಐನೂರು ಕರಗಬೇಕು.

ಅದೂ ಪೂರ್ತಿ ಗೆದ್ದವನಿಗೆ ಸಿಗುವುದಿಲ್ಲ. ಆಡಿಸುವವನ ಪಾಲು ಉಂಟಲ್ಲ! ಆರು ಜನ ತಲಾ ಐನೂರು ಹಾಕಿ ಕೂತರೆಂದಿಟ್ಟುಕೊಳ್ಳಿ. ಒಟ್ಟು ಮೂರು ಸಾವಿರ. ಪ್ರತಿ ಆಟದಲ್ಲಿ ನಡುವೆ ನೂರು ರೂಪಾಯಿ ಸೇರಿ, ಅದರಲ್ಲಿ ಶೇಕಡಾ 5 ಆಡಿಸುವವನು ಮುರಿದುಕೊಂಡರೆ ಆಟಕ್ಕೆ ಐದು ರೂಪಾಯಿ. ನೂರು ಆಟ ಮುಗಿಯುವಷ್ಟರಲ್ಲಿ ಐನೂರು ಹೋಯಿತು. ಆರು ಜನರಲ್ಲಿ ಒಬ್ಬನ ಗಂಟು ಪೂರ್ತಿ ಮಾಯ. ಎಲೆ ಮುಟ್ಟದೆ, ನಿದ್ದೆಗೆಡದೆ, ಎಂದೂ ಸೋಲದೆ ಗೆಲ್ಲುವವನು ಅವನೊಬ್ಬನೇ.

“ಆದರೆ ಇದು ಬುದ್ಧಿವಂತಿಕೆಯ ಆಟ” ಎನ್ನುತ್ತಾರೆ. ಒಪ್ಪಿದೆ. ಕೋರ್ಟುಗಳಲ್ಲೂ ಈ ವಾದ ನಡೆದಿದೆ. ಸಾವಿರಾರು ಆಟ ಆಡಿದರೆ ಜಾಣ ಗೆಲ್ಲುತ್ತಾನೆ, ದಡ್ಡ ಸೋಲುತ್ತಾನೆ, ನಿಜ. ಹಾಗಿದ್ದರೆ ಫರ್ಗುಸನ್ನನಂಥ ವಿಶ್ವ ಚಾಂಪಿಯನ್ನು ಚಿಲ್ಲರೆ ಮೇಜಿನಲ್ಲಿ ಕೂತಾಗ ಎದುರಿಗೆ ಯಾರಿದ್ದರು? ಆಗತಾನೆ ಆಟ ಕಲಿತವರು ತಾನೆ? ಬುದ್ಧಿವಂತಿಕೆಯ ಆಟ ಎಂದಷ್ಟೂ ನನ್ನ ವಾದಕ್ಕೇ ಬಲ. ನಮ್ಮ ಮಕ್ಕಳು ಆ ಮೇಜಿಗೆ ಹೋಗುವುದು ಚಾಂಪಿಯನ್ನರಾಗಿ ಅಲ್ಲ, ಚಾಂಪಿಯನ್ನರ ಊಟವಾಗಿ.

ಹಾಳೆ ತಿರುವುತ್ತಿದ್ದಾಗ ಇನ್ನೊಂದು ಕಂಡಿತು. ನೋಟ್‌ಬುಕ್ಕಿನ ಹೊಲಿಗೆಯ ಬಳಿ ಹರಿದ ಹಾಳೆಗಳ ಅಂಚು. “ಇದೇನೋ?” ಎಂದೆ. ಅವನು ತಲೆ ತಗ್ಗಿಸಿದ. ಅವನ ಐನೂರು ಅದು ನಾಲ್ಕನೆಯ ಐನೂರು. ಮೊದಲ ಮೂರು ಕರಗಿದ್ದವು. “ಅದು ಕಲಿಯೋಕೆ ಆಡಿದ್ದು, ಲೆಕ್ಕಕ್ಕಿಲ್ಲ” ಎಂದ. ಆ ಹಣ ಬಂದದ್ದು ಅವನಮ್ಮ ಚೀಟಿ ಕಟ್ಟಲೆಂದು ಕೊಟ್ಟಿದ್ದರಲ್ಲಿ. ಮೂರು ತಿಂಗಳು ಐನೂರೈನೂರು ಕಡಿಮೆ ಕಟ್ಟಿದ್ದ. ನಾಲ್ಕನೆಯ ಗಂಟೂ ಆಗ ನೂರಾ ನಲವತ್ತಕ್ಕೆ ಇಳಿದಿತ್ತು. ಐದು ಸಾವಿರ ಬಂದರೆ ಅದರಲ್ಲಿ ಚೀಟಿ ಸರಿಮಾಡಿ, ಉಳಿದದ್ದರಲ್ಲಿ “ಸರಿಯಾಗಿ” ಶುರುಮಾಡುವುದು ಅವನ ಯೋಚನೆ.

ಸಣ್ಣ ಗಂಟು ದೊಡ್ಡದಾದ ಕತೆಗಳೆಲ್ಲ ಹೀಗೇ, ಹರಿದ ಹಾಳೆಗಳನ್ನು ಬಿಟ್ಟು ಬರೆದವು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ 86 ಡಾಲರಿನ ಪಂದ್ಯದಿಂದ ಮೇಲೇರಿ ಲಾಸ್ ವೇಗಾಸ್‌ನಲ್ಲಿ 25 ಲಕ್ಷ ಡಾಲರ್ ಗೆದ್ದ. ಅವನ ಹೆಸರು ಲೋಕಕ್ಕೆಲ್ಲ ಗೊತ್ತು. ಆ ಪಂದ್ಯದಲ್ಲಿ ಕೂತವರು 839 ಜನ. ಬಹುಪಾಲು ಜನ ಬರಿಗೈಯಲ್ಲಿ ಎದ್ದರು. ಅವರ ಕತೆಯನ್ನು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ?

ಗುರುವಿನ ಕತೆಗೂ ಒಂದು ಮುಂದಿನ ಅಧ್ಯಾಯವಿದೆ. ಫರ್ಗುಸನ್ ಪಂಥ ಗೆದ್ದದ್ದು ತಾನೇ ನಿರ್ದೇಶಕನಾಗಿದ್ದ ಫುಲ್ ಟಿಲ್ಟ್ ಎಂಬ ಸಂಸ್ಥೆಯಲ್ಲಿ. 2011ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ ಸಂಸ್ಥೆಯ ಮೇಲೆ ಆರೋಪ ಹೊರಿಸಿತು: ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಎಂದು. ತಪ್ಪೊಪ್ಪಿಕೊಳ್ಳದೆಯೇ ಫರ್ಗುಸನ್ 2013ರಲ್ಲಿ ರಾಜಿ ಮಾಡಿಕೊಂಡ. ಇನ್ನೊಂದು ಸಂಸ್ಥೆ ಅದನ್ನು ಕೊಂಡಮೇಲೆಯೇ ಆಟಗಾರರಿಗೆ ಹಣ ಮರಳತೊಡಗಿತು. ಶೇಕಡಾ 5ರ ಕಟ್ಟಲೆಯನ್ನು ಚಾಚೂ ತಪ್ಪದೆ ಪಾಲಿಸಿದವರೂ ವರ್ಷಗಟ್ಟಲೆ ಬಾಯಿ ಬಿಟ್ಟು ಕಾಯಬೇಕಾಯಿತು. ಎಲೆಯನ್ನು ಎಚ್ಚರದಿಂದ ಆಡಬಹುದು, ಪೆಟ್ಟಿಗೆಯ ಬೀಗ ಯಾರ ಕೈಯಲ್ಲಿದೆ?

ಪೋಕರ್ ಪಂಡಿತರು ಕೊನೆಗೊಂದು ಮಾತು ಹೇಳುತ್ತಾರೆ: ಕಳೆದುಕೊಂಡರೂ ನಡೆಯುವ ಹಣದಲ್ಲಷ್ಟೇ ಆಡಿ. ಅಕ್ಕಂದಿರೇ, ತಿಂಗಳ ಕೊನೆಯಲ್ಲಿ ನಿಮ್ಮ ಮನೆಯಲ್ಲಿ ಅಂಥ ಹಣ ಎಷ್ಟಿರುತ್ತದೆ? ಮನೆಯಲ್ಲಿರುವ ಪ್ರತಿ ರೂಪಾಯಿಗೂ ಒಂದು ಹೆಸರಿರುತ್ತದೆ: ಹಾಲಿನವನದು, ಫೀಸಿನದು, ಅತ್ತೆಯ ಮಾತ್ರೆಯದು. ಕಳೆದರೆ ನಡೆಯುತ್ತದೆ ಎಂದು ತೀರ್ಮಾನಿಸುವವರು ಒಬ್ಬರು, ಆಮೇಲೆ ಅದಿಲ್ಲದೆ ನಡೆಸುವವರು ಇನ್ನೊಬ್ಬರು. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ್ದೂ ಇದನ್ನೇ ಅಲ್ಲವೇ? ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು. ಪಣಕ್ಕಿಟ್ಟದ್ದು ಯಾರ ಸ್ವತ್ತು ಎಂಬ ಆ ಪ್ರಶ್ನೆಗೆ ಸಭೆಯ ಹಿರಿಯರು ನೇರವಾಗಿ ಉತ್ತರ ಕೊಡಲಿಲ್ಲ.

ಹುಡುಗನಿಗೆ ನಾನು ಕೊಟ್ಟದ್ದು ಸಾವಿರದ ಐನೂರು, ಚೀಟಿಯ ಬಾಕಿಯಷ್ಟೇ. ಅದನ್ನೂ ಅವನ ಕೈಗೆ ಕೊಡಲಿಲ್ಲ. ಮರುದಿನ ಇಬ್ಬರೂ ತಂಗಿಯ ಮನೆಗೆ ಹೋಗಿ, ಅವನ ಬಾಯಿಂದಲೇ ಹೇಳಿಸಿ, ಅವಳ ಕೈಗೆ ಕೊಟ್ಟೆ. ಅವಳು ಬೈಯಲಿಲ್ಲ, ಅತ್ತಳು. ಅವನು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಆ ವಿಷಯ ಎತ್ತುವುದಿಲ್ಲ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಒಳ್ಳೆಯದೇ. ಆದರೆ ಸಣ್ಣ ಗಂಟಿನಿಂದ ದೊಡ್ಡ ಗಂಟು ಎಂಬ ಕತೆಯನ್ನು ಯಾವ ಕಾಯಿದೆಯೂ ನಿಷೇಧಿಸಲಾರದು. ಅದು ನಾಳೆ ಬೇರೆ ವೇಷದಲ್ಲಿ ನಿಮ್ಮ ಮಗನ ಬಾಯಲ್ಲೋ, ತಮ್ಮನ ಬಾಯಲ್ಲೋ ಮನೆಗೆ ಬರುತ್ತದೆ. ಬಂದಾಗ ಬೈಯಬೇಡಿ. ನೋಟ್‌ಬುಕ್ ಕೇಳಿ. ಹೊಲಿಗೆಯ ಹತ್ತಿರ ಹಾಳೆ ಹರಿದಿದೆಯೇ, ನೋಡಿ.