ಮುದಿ ರೆಕ್ಕೆಗಳ ಮೇಲೆ ಕಾಡಿನ ಭಾರ

2002ರ ಜೂನ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಕರ್ ಎಂಬ ಪುಟ್ಟ ಊರಿನ ಬಳಿ ಕಾಡ್ಗಿಚ್ಚು ಹಬ್ಬಿತ್ತು. ಅದನ್ನು ತಡೆಯಲು ಹರ್ಕ್ಯುಲಿಸ್ ಸಿ-130ಎ ವಿಮಾನವೊಂದು ಬೆಟ್ಟದ ಇಳಿಜಾರಿನಗುಂಟ ತೀರ ತಗ್ಗಿನಲ್ಲಿ ಹಾರಿ ಬಂದಿತು. ಹೊಟ್ಟೆಯಲ್ಲಿದ್ದ ಕೆಂಪು ದ್ರಾವಣವನ್ನು ಸುರಿಯುತ್ತಿದ್ದಂತೆಯೇ ಅದರ ಎರಡೂ ರೆಕ್ಕೆಗಳು ಬುಡದಲ್ಲಿ ಮುರಿದು ಬೇರ್ಪಟ್ಟವು. ಒಳಗಿದ್ದ ಮೂವರೂ ಸತ್ತರು. ಒಂದು ತಿಂಗಳು ಕಳೆದು ಜುಲೈ 18ರಂದು ಕೊಲರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಸಮೀಪ ಇನ್ನೊಂದು ಅಗ್ನಿಶಾಮಕ ವಿಮಾನದ ಎಡ ರೆಕ್ಕೆ ಕಳಚಿ ಇಬ್ಬರು ಮಡಿದರು. ಮೊದಲನೆಯದು 1950ರ ದಶಕದ ಸೇನಾ ಸಾಗಣೆ ವಿಮಾನ. ಎರಡನೆಯದಾದ ಪ್ರೈವೇಟಿಯರ್, ಎರಡನೇ ಮಹಾಯುದ್ಧದ ಕಾಲದಲ್ಲಿ ಸಮುದ್ರದ ಮೇಲೆ ಗಸ್ತು ತಿರುಗಲೆಂದು ತಯಾರಾದದ್ದು.

ಯಂತ್ರಗಳು ಮುದಿಯಾಗಿದ್ದವು, ಮುರಿದವು ಎಂದು ಹೇಳಿ ಈ ಐದು ಸಾವುಗಳ ಲೆಕ್ಕವನ್ನು ಮುಗಿಸಿಬಿಡಬಹುದು. ಆದರೆ ಯುದ್ಧದ ಉಳಿಕೆ ಸಾಮಾನು ಅರ್ಧ ಶತಮಾನದ ಬಳಿಕವೂ ಉರಿಯುವ ಬೆಟ್ಟಗಳ ಮೇಲೆ ಏಕೆ ಹಾರುತ್ತಿತ್ತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ಹುಡುಕಹೊರಟರೆ ದಾರಿ ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಅದು ಕಾಡಿನೊಳಕ್ಕೇ ಕರೆದೊಯ್ಯುತ್ತದೆ.

ಯುದ್ಧದ ಉಳಿಕೆ, ಕಾಡಿನ ಪಾಲು

1953ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಅರಣ್ಯದಲ್ಲಿ ಎದ್ದ ಬೆಂಕಿಯೊಂದು ಅದನ್ನು ನಂದಿಸಹೋಗಿದ್ದ 15 ಜನರನ್ನು ಬಲಿ ತೆಗೆದುಕೊಂಡಿತು. ಆಕಾಶದಿಂದ ನೀರು ಸುರಿಯುವ ಉಪಾಯವೇನಾದರೂ ಇದೆಯೇ ಎಂಬ ಹುಡುಕಾಟಕ್ಕೆ ಅದು ಒತ್ತು ಕೊಟ್ಟಿತು. 1955ರಲ್ಲಿ ವಿಲೋಸ್ ಎಂಬ ಊರಿನಲ್ಲಿ, ಹೊಲಗಳಿಗೆ ಔಷಧಿ ಎರಚುತ್ತಿದ್ದ ಸ್ಟಿಯರ್‌ಮನ್ ಎಂಬ ಪುಟ್ಟ ವಿಮಾನಕ್ಕೆ ತೊಟ್ಟಿ ಕೂಡಿಸಿ ಬೆಂಕಿಯ ಮೇಲೆ ನೀರು ಸುರಿದರು. ಪ್ರಯೋಗ ಫಲಿಸಿತು. ದೊಡ್ಡ ತೊಟ್ಟಿಗೆ ದೊಡ್ಡ ವಿಮಾನ ಬೇಕಾಯಿತು. ಯುದ್ಧ ಮುಗಿದು ನಿರುಪಯುಕ್ತವಾಗಿ ನಿಂತಿದ್ದ ಬಾಂಬರ್‌ಗಳು ಅಗ್ಗದ ಬೆಲೆಗೆ ದೊರೆಯುತ್ತಿದ್ದವು. ಖಾಸಗಿ ಗುತ್ತಿಗೆದಾರರು ಅವನ್ನು ಕೊಂಡು, ಬಾಂಬಿನ ಜಾಗದಲ್ಲಿ ತೊಟ್ಟಿ ಕೂಡಿಸಿ, ಅರಣ್ಯ ಇಲಾಖೆಗೆ ಬಾಡಿಗೆಗೆ ಕೊಡತೊಡಗಿದರು.

ಕೆನಡಾದಲ್ಲಿಯೂ ಇದೇ ಕಥೆ. ಅಮೆರಿಕದ ನೌಕಾಪಡೆಗಾಗಿ 1940ರ ದಶಕದಲ್ಲಿ ತಯಾರಾದ ಮಾರ್ಟಿನ್ ಮಾರ್ಸ್ ಎಂಬ ಭಾರೀ ಜಲವಿಮಾನಗಳಲ್ಲಿ ನಾಲ್ಕನ್ನು ಬ್ರಿಟಿಷ್ ಕೊಲಂಬಿಯಾದ ಮರದ ಕಂಪನಿಗಳು ಕೊಂಡವು. ಸರೋವರದ ಮೇಲ್ಮೈಯನ್ನು ಸವರುತ್ತಲೇ ಒಮ್ಮೆಗೆ 27,000 ಲೀಟರ್ ನೀರು ತುಂಬಿಕೊಳ್ಳಬಲ್ಲ ಈ ವಿಮಾನಗಳು ಜನರ ಕಣ್ಣಿಗೆ ಪವಾಡದಂತೆ ಕಂಡವು. ಕೊನೆಗೆ ಉಳಿದ ಎರಡರಲ್ಲಿ ಒಂದು 2024ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ಬಳಿಯ ವಸ್ತುಸಂಗ್ರಹಾಲಯಕ್ಕೂ, ಇನ್ನೊಂದು 2025ರಲ್ಲಿ ಅರಿಜೋನಾದ ವಸ್ತುಸಂಗ್ರಹಾಲಯಕ್ಕೂ ಸೇರಿದವು. ನೆಲಕ್ಕೆ ಬೀಳದೆ, ಗೌರವದಿಂದ ನಿವೃತ್ತಿ ಹೊಂದಿದ ಕೆಲವೇ ಮುದಿ ವಿಮಾನಗಳಲ್ಲಿ ಅವೂ ಸೇರಿವೆ.

ಲೋಹಕ್ಕೂ ದಣಿವುಂಟು

ತಂತಿಯ ತುಂಡೊಂದನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಕಡೆಗೊಮ್ಮೆ ತುಂಡಾಗುತ್ತದೆ. ಇದೇ ಲೋಹದ ದಣಿವು. ಎತ್ತರದಲ್ಲಿ ನೇರವಾಗಿ ಸಾಗುವ ವಿಮಾನದ ರೆಕ್ಕೆಗಳು ನಿಧಾನವಾಗಿ ದಣಿಯುತ್ತವೆ. ಬೆಂಕಿಯ ಮೇಲೆ ಹಾರುವ ವಿಮಾನದ ಪಾಡು ಬೇರೆ. ಅದು ತುಂಬಿದ ಹೊಟ್ಟೆಯೊಡನೆ ಕಣಿವೆಗೆ ಇಳಿಯಬೇಕು, ಬಿಸಿಗಾಳಿಯ ಸುಳಿಗಳಲ್ಲಿ ಕುಲುಕಬೇಕು, ಕ್ಷಣಾರ್ಧದಲ್ಲಿ ಹಲವು ಟನ್ ಭಾರ ಕಳೆದುಕೊಂಡು ಥಟ್ಟನೆ ಮೇಲೇಳಬೇಕು. ಹೀಗೆ ದಿನಕ್ಕೆ ಹಲವು ಸಲ. ಸಾಗಣೆಗೆಂದು ರೂಪಿಸಿದ ರೆಕ್ಕೆಗೆ ಇಂಥ ದುಡಿಮೆಯ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ವಾಕರ್ ಅಪಘಾತದ ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಗೆ ರೆಕ್ಕೆಯ ಕೆಳಹೊದಿಕೆಯಲ್ಲಿ ಬಿರುಕು ಕಾಣಿಸಿತು. ಬಲಪಡಿಸಲೆಂದು ಹಾಕಿದ್ದ ತಗಡಿನ ಪಟ್ಟಿಯ ಅಡಿಯಲ್ಲೇ ಅದು ಬೆಳೆದಿತ್ತು. ಹೊರಗಿನಿಂದ ಕಣ್ಣಾಡಿಸುವ ಪರೀಕ್ಷೆಗೆ ಅದು ಸಿಗುವಂತಿರಲಿಲ್ಲ. ಇಷ್ಟೇ ಅಲ್ಲ, 1994ರಲ್ಲಿ ಅದೇ ರಾಜ್ಯದಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನ ಮೂವರೊಡನೆ ನಾಶವಾಗಿತ್ತು. ಆಗ ಇಂಧನದ ಸ್ಫೋಟವೇ ಕಾರಣ ಎಂದು ಬಗೆಯಲಾಗಿತ್ತು. 2002ರ ಬಳಿಕ ಹಳೆಯ ಅವಶೇಷಗಳನ್ನು ಮತ್ತೆ ಪರೀಕ್ಷಿಸಿದಾಗ ಅಲ್ಲಿಯೂ ದಣಿದ ಲೋಹದ ಬಿರುಕು ಕಂಡಿತು. ಎಂಟು ವರ್ಷ ಮೊದಲೇ ದೊರೆತಿದ್ದ ಎಚ್ಚರಿಕೆಯನ್ನು ಸರಿಯಾಗಿ ಓದಿರಲಿಲ್ಲ.

ಹೊಣೆ ಯಾರದು ಎಂಬ ಪ್ರಶ್ನೆಯೂ ಎದ್ದಿತು. ಸರಕಾರದ ಕೆಲಸದಲ್ಲಿರುವ ವಿಮಾನವೆಂದು ನಾಗರಿಕ ವಿಮಾನಯಾನದ ಹಲವು ನಿಯಮಗಳು ಇವಕ್ಕೆ ಅನ್ವಯಿಸುತ್ತಿರಲಿಲ್ಲ. ಅರಣ್ಯ ಇಲಾಖೆಗೆ ವಿಮಾನದ ಒಡಲನ್ನು ಪರೀಕ್ಷಿಸುವ ಪರಿಣತಿ ಇರಲಿಲ್ಲ. ಸೇನೆಗೆ ತಾನು ಕೈಬಿಟ್ಟ ವಿಮಾನದ ಗೊಡವೆ ಬೇಕಿರಲಿಲ್ಲ. ಉಳಿದವನು ಗುತ್ತಿಗೆದಾರ. ಅವನಿಗೋ ದೊರೆಯುವ ಬಾಡಿಗೆಯಲ್ಲಿ ಹೊಸ ವಿಮಾನ ಕೊಳ್ಳುವ ಶಕ್ತಿ ಇಲ್ಲ. ಸುರಕ್ಷತೆಯ ಹೊಣೆ ಅರಣ್ಯ ಇಲಾಖೆಯದೇ ಎಂದು ಸುರಕ್ಷಾ ಮಂಡಳಿ 2004ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಮರುತಿಂಗಳೇ ಸರಕಾರ 33 ದೊಡ್ಡ ವಿಮಾನಗಳ ಗುತ್ತಿಗೆಯನ್ನು ರದ್ದುಮಾಡಿತು. ಪರೀಕ್ಷೆಯಲ್ಲಿ ಪಾಸಾದ ಕೆಲವು ಮರಳಿ ಬಂದವು. ಆದರೂ 2002ರಲ್ಲಿ 44 ಇದ್ದ ದೊಡ್ಡ ವಿಮಾನಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು. ಅವುಗಳ ಪೈಕಿ ಹೆಚ್ಚಿನವು 1950ರ ದಶಕದ ನೆಪ್ಚೂನ್‌ಗಳು. ಅವು ಕೆಲಸದಿಂದ ಬಿಡುಗಡೆ ಹೊಂದಿದ್ದು 2017ರಲ್ಲಿ.

ಹೊಸತೆಂಬ ಹಳತು

ನೆಪ್ಚೂನ್‌ಗಳ ಜಾಗಕ್ಕೆ ಬಂದವು ಜೆಟ್ ವಿಮಾನಗಳು. ಆದರೆ ಅವೂ ಹೊಸವಲ್ಲ. ಪ್ರಯಾಣಿಕರನ್ನು ಹೊತ್ತು ಸಾಕಾಗಿ ವಿಮಾನಯಾನ ಸಂಸ್ಥೆಗಳು ಮಾರಿದ ಬಿಎಇ-146, ಎಂಡಿ-87, ಡಿಸಿ-10 ವಿಮಾನಗಳಿಗೇ ತೊಟ್ಟಿ ಕೂಡಿಸಲಾಯಿತು. ಡಿಸಿ-10 ಒಮ್ಮೆಗೆ ಸುಮಾರು 35,000 ಲೀಟರ್ ಸುರಿಯಬಲ್ಲದು. 1980ರ ದಶಕದ ಕೊನೆಗೇ ಅದರ ತಯಾರಿಕೆ ನಿಂತಿತ್ತು. ಅದಕ್ಕಿಂತ ದೊಡ್ಡದಾದ ಬೋಯಿಂಗ್ 747 ಅಗ್ನಿಶಾಮಕ ವಿಮಾನವನ್ನು ನಡೆಸುತ್ತಿದ್ದ ಸಂಸ್ಥೆ 2021ರಲ್ಲಿ ಬಾಗಿಲು ಮುಚ್ಚಿತು. 2025ರ ನವೆಂಬರ್‌ನಲ್ಲಿ ಲೂಯಿವಿಲ್‌ನಲ್ಲಿ ಎಂಡಿ-11 ಸರಕು ವಿಮಾನದ ಎಂಜಿನ್ ಕಳಚಿಬಿದ್ದು ಘೋರ ಅಪಘಾತವಾದಾಗ, ಅದೇ ಕುಲದ ಡಿಸಿ-10 ವಿಮಾನಗಳೂ ಹಾರಬಾರದೆಂಬ ಆದೇಶ ಹೊರಟಿತು. ಬೆಂಕಿಯೊಡನೆ ಯಾವ ಸಂಬಂಧವೂ ಇಲ್ಲದ ಒಂದು ದುರಂತ, ಬೆಂಕಿ ಆರಿಸುವ ಅತಿ ದೊಡ್ಡ ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿತು. ಎರವಲು ಆಯುಷ್ಯದ ಯಂತ್ರವನ್ನು ನಂಬಿದವರ ಸ್ಥಿತಿ ಇದು.

ಬೆಂಕಿ ಆರಿಸಲೆಂದೇ ವಿನ್ಯಾಸಗೊಂಡ ವಿಮಾನಗಳು ಇಲ್ಲವೆಂದಲ್ಲ. ಕೆನಡಾದ ಕೆನಡೇರ್ ಸಿಎಲ್-415 ಸರೋವರವನ್ನು ಸವರುತ್ತ 12 ಸೆಕೆಂಡುಗಳಲ್ಲಿ 6,000 ಲೀಟರ್‌ಗೂ ಹೆಚ್ಚು ನೀರು ತುಂಬಿಕೊಳ್ಳುತ್ತದೆ. ಆದರೆ ಕೊಳ್ಳುವವರು ಸಾಲದೆ 2015ರಲ್ಲಿ ಅದರ ತಯಾರಿಕೆ ನಿಂತಿತು. ಬೆಂಕಿ ಹೆಚ್ಚಿದ ಮೇಲೆ, 2022ರಲ್ಲಿ, ಅದರ ಹೊಸ ಆವೃತ್ತಿಯನ್ನು ತಯಾರಿಸುವ ನಿರ್ಧಾರ ಹೊರಬಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಈ ನಡುವೆ, 2023ರ ಜುಲೈನಲ್ಲಿ, ಗ್ರೀಸ್ ದೇಶದ ಎವಿಯಾ ದ್ವೀಪದಲ್ಲಿ ಹಳೆಯ ಸಿಎಲ್-215 ವಿಮಾನವೊಂದು ನೀರು ಸುರಿದ ಬೆನ್ನಿಗೇ ಇಳಿಜಾರಿಗೆ ಅಪ್ಪಳಿಸಿ ಇಬ್ಬರು ಪೈಲಟ್‌ಗಳು ಸತ್ತರು.

ಎಲ್ಲ ಸಾವುಗಳಿಗೂ ಯಂತ್ರದ ಮುಪ್ಪೇ ಕಾರಣವೆಂದರೆ ಅದು ಸತ್ಯಕ್ಕೆ ಅಪಚಾರವಾದೀತು. ಕಣಿವೆಯಲ್ಲಿ, ಹೊಗೆಯಲ್ಲಿ, ಮರದ ತುದಿಯ ಎತ್ತರದಲ್ಲಿ ಹಾರುವುದು ಹೊಸ ವಿಮಾನಕ್ಕೂ ಅಪಾಯವೇ. 2020ರ ಜನವರಿಯಲ್ಲಿ ಆಸ್ಟ್ರೇಲಿಯದ ಕೂಮಾ ಬಳಿ ಬಿರುಗಾಳಿಯ ನಡುವೆ ಹರ್ಕ್ಯುಲಿಸ್ ಬಿದ್ದು ಮೂವರು ಅಮೆರಿಕನ್ನರು ಸತ್ತಾಗ ಅಲ್ಲಿ ಯಾವ ರೆಕ್ಕೆಯೂ ತಾನಾಗಿ ಮುರಿದಿರಲಿಲ್ಲ. ಅಪಾಯ ಕೆಲಸದಲ್ಲೇ ಇದೆ. ಹೀಗಿರುವಾಗ ಅದರ ಮೇಲೆ ಮುದಿ ಲೋಹದ ಅಪಾಯವನ್ನೂ ಹೇರುವುದು ಅನ್ಯಾಯ.

ಆಕಾಶದ ಮಿತಿ

ವಿಮಾನ ಬೇಡವೇ ಬೇಡ ಎನ್ನುವ ವಾದ ನಿಲ್ಲುವುದಿಲ್ಲ. ದಾರಿಯಿಲ್ಲದ ದುರ್ಗಮ ಬೆಟ್ಟದಲ್ಲಿ ಸಿಡಿಲು ಹೊತ್ತಿಸಿದ ಕಿಡಿಯನ್ನು ಮೊದಲ ಗಂಟೆಯಲ್ಲೇ ತಡೆಯಲು ವಿಮಾನ ನೆರವಾಗುತ್ತದೆ. ಊರಿನತ್ತ ಧಾವಿಸುವ ಜ್ವಾಲೆಯನ್ನು ನಿಧಾನಗೊಳಿಸಿ ಜನ ಹೊರಡಲು ಸಮಯ ದೊರಕಿಸುತ್ತದೆ. ಆದರೆ ನಿಧಾನಗೊಳಿಸುವುದೇ ಅದರ ಕೆಲಸ. ಬೆಂಕಿಯನ್ನು ನಿಜವಾಗಿ ಆರಿಸುವವರು ಗುದ್ದಲಿ, ಹಾರೆ, ನೀರಿನ ಕೊಳವೆ ಹಿಡಿದು ನೆಲದ ಮೇಲೆ ನಿಂತವರು. ಅವರು ಬಂದು ಬೆಂಕಿರೇಖೆ ಕಡಿಯದಿದ್ದರೆ ಬೆಂಕಿ ಮತ್ತೆ ತಲೆಯೆತ್ತುತ್ತದೆ. ಗಾಳಿ ಜೋರಾದ ದಿನ, ಎಂದರೆ ವಿಮಾನ ಅತಿ ಅಗತ್ಯವಾದ ದಿನವೇ, ಅದು ಹಾರಲಾರದು. 2025ರ ಜನವರಿ 7ರ ರಾತ್ರಿ ಲಾಸ್ ಏಂಜಲೀಸ್‌ನ ಬಡಾವಣೆಗಳು ಉರಿಯುತ್ತಿದ್ದಾಗ ಬಿರುಗಾಳಿಯಿಂದಾಗಿ ವಿಮಾನಗಳು ಕೆಳಗೇ ನಿಂತಿದ್ದವು.

ಕೆಂಪು ದ್ರಾವಣಕ್ಕೂ ಬೆಲೆ ತೆರಬೇಕು. ಅದರಲ್ಲಿರುವುದು ಗೊಬ್ಬರದ ಜಾತಿಯ ಅಮೋನಿಯಂ ಲವಣಗಳು. ಹಳ್ಳಕ್ಕೆ ಬಿದ್ದರೆ ಮೀನು ಸಾಯುತ್ತವೆ. ಅನುಮತಿಯಿಲ್ಲದೆ ಅದನ್ನು ನೀರಿಗೆ ಸುರಿಯುವುದು ಕಾನೂನಿನ ಉಲ್ಲಂಘನೆ ಎಂದು ಮೊಂಟಾನಾದ ನ್ಯಾಯಾಲಯ 2023ರಲ್ಲಿ ಹೇಳಿತು. ಆದರೂ ಬಳಕೆಯನ್ನು ನಿಲ್ಲಿಸಲಿಲ್ಲ.

ಇಷ್ಟು ಬೆಂಕಿ ಎಲ್ಲಿಂದ ಬಂತು? ಹವಾಮಾನ ಬಿಸಿಯಾದದ್ದು ಒಂದು ಕಾರಣ. ಇನ್ನೊಂದು ಕಾರಣ ಮನುಷ್ಯನ ನೀತಿ. 1935ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಒಂದು ಕಟ್ಟಳೆ ಮಾಡಿತು: ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಗಿನ 10 ಗಂಟೆಯೊಳಗೆ ಹತೋಟಿಗೆ ತರಬೇಕು. ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕಿ ಕಾಡನ್ನು ಹಗುರಗೊಳಿಸುತ್ತಿದ್ದ ಕಾರುಕ್, ಯೂರೋಕ್ ಮೊದಲಾದ ಮೂಲನಿವಾಸಿಗಳ ಪದ್ಧತಿಯನ್ನು ಅಪರಾಧವೆಂದು ಬಗೆಯಲಾಯಿತು. ಸಣ್ಣ ಬೆಂಕಿ ತಿನ್ನಬೇಕಿದ್ದ ತರಗೆಲೆ, ಪೊದೆ, ಒಣಕಟ್ಟಿಗೆ ದಶಕಗಳ ಕಾಲ ಸೇರುತ್ತ ಹೋಯಿತು. ಆ ರಾಶಿಗೆ ಕಿಡಿ ತಾಗಿದಾಗ ಅದನ್ನು ಆರಿಸಲು ಮುದಿ ಬಾಂಬರ್‌ಗಳನ್ನು ಕಳಿಸಲಾಯಿತು. ಕಾಡಿನೊಡನೆ ಬಾಳಿದವರ ತಿಳಿವಳಿಕೆಯನ್ನು ಕಳೆದುಕೊಂಡ ನೀತಿಗೆ ಯಂತ್ರವೊಂದೇ ಗತಿಯಾಯಿತು.

ಘಟ್ಟದ ಸಾಲಿಗೆ ಪಾಠ

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಬಳಿಕ ಸೋಲಿಗರ ತರಗು ಬೆಂಕಿಗೆ ತಡೆ ಬಿತ್ತು. ಬೇಸಗೆಯ ಮೊದಲಲ್ಲಿ ನೆಲದ ಎಲೆಯನ್ನಷ್ಟೇ ಸುಡುತ್ತಿದ್ದ ಆ ತಗ್ಗಿನ ಬೆಂಕಿ ನಿಂತ ಮೇಲೆಯೇ ಲಂಟಾನ ಪೊದೆ ಕಾಡನ್ನು ಮುಸುಕಿತೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಎಲ್ಲ ಕಾಡಿಗೂ ಬೆಂಕಿ ಹಿತವೆಂದು ಇದರ ಅರ್ಥವಲ್ಲ. ಶೋಲಾ ಕಾಡಿಗೂ ನಿತ್ಯಹರಿದ್ವರ್ಣದ ಕಾಡಿಗೂ ಅದು ಮಾರಕ. ಯಾವ ಕಾಡಿಗೆ ಯಾವುದು ತಕ್ಕುದು ಎಂಬ ತಿಳಿವಳಿಕೆ ಸ್ಥಳೀಯರಲ್ಲಿದೆ ಎಂಬುದೇ ಇಲ್ಲಿನ ಮಾತು.

2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಿತು. ಕೊನೆಯ ಹಂತದಲ್ಲಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ ತೂಗಿಸಿಕೊಂಡು ಬಂದು ನೀರು ಸುರಿದವು. ಉತ್ತರಾಖಂಡದಲ್ಲಿ, ನಾಗಾಲ್ಯಾಂಡಿನ ಜುಕೊ ಕಣಿವೆಯಲ್ಲಿ ಕೂಡ ಹೀಗೇ ಆಯಿತು. ಆ ನೆರವು ಸಣ್ಣದಲ್ಲ. ಆದರೆ ಅಂಥ ಪ್ರತಿಯೊಂದು ಬೇಸಗೆಯ ಬಳಿಕ, ರಾಜ್ಯಕ್ಕೇ ಸ್ವಂತ ವಿಮಾನ ಬೇಕು, ಹೆಲಿಕಾಪ್ಟರ್ ಬೇಕು ಎಂಬ ಕೂಗು ಏಳುತ್ತದೆ. ಆಕಾಶದಲ್ಲಿ ಹಾರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಡಿಸೆಂಬರ್‌ನಲ್ಲಿ ಸದ್ದಿಲ್ಲದೆ ಸವರಿದ ಬೆಂಕಿರೇಖೆ ಯಾರ ಕಣ್ಣಿಗೂ ಬೀಳದು. ಯಾವ ಬೆಂಕಿ ಏಳಲೇ ಇಲ್ಲವೋ ಅದರ ಸುದ್ದಿಯನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ.

2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡಿನಲ್ಲಿ ಅರಣ್ಯ ಸಿಬ್ಬಂದಿ ಬೆಂಕಿಯೊಡನೆ ಸೆಣಸುತ್ತಲೇ ಪ್ರಾಣ ತೆತ್ತರು. ಹಸಿ ಸೊಪ್ಪಿನ ಕೊಂಬೆಯಿಂದ ಜ್ವಾಲೆಯನ್ನು ಬಡಿಯುವ ಕಾವಲುಗಾರನಿಗೆ ಒಳ್ಳೆಯ ಬೂಟು, ಬೆಂಕಿ ತಡೆಯುವ ಉಡುಪು, ಸಕಾಲಕ್ಕೆ ಕೂಲಿ, ಜೀವವಿಮೆ, ವರ್ಷವಿಡೀ ಕೆಲಸ ದೊರೆಯಬೇಕು. ಗ್ರಾಮ ಅರಣ್ಯ ಸಮಿತಿಗಳಿಗೆ ಬೆಂಕಿರೇಖೆಯ ಹೊಣೆಯೊಡನೆ ಅದರ ಹಣವೂ ಬರಬೇಕು. ಕಾಡಿನ ಅಂಚಿನ ಜನರ ಹಕ್ಕನ್ನು ಮನ್ನಿಸಬೇಕು. ಕಾಡು ತನ್ನದೆಂದು ಬಗೆದವನು ಅದಕ್ಕೆ ಕಡ್ಡಿ ಗೀರುವುದಿಲ್ಲ, ಗೀರಿದವನನ್ನು ಸುಮ್ಮನೆ ಬಿಡುವುದೂ ಇಲ್ಲ. ಇಷ್ಟಾದ ಮೇಲೆ, ಮುಂದೊಂದು ದಿನ ವಿಮಾನ ತರುವುದೇ ಆದರೆ, ಮೂರು ಪ್ರಶ್ನೆಗಳನ್ನು ಮೊದಲೇ ಕೇಳಬೇಕು: ಅದು ಈ ಕೆಲಸಕ್ಕೆಂದೇ ತಯಾರಾದದ್ದೇ? ಅದರ ರೆಕ್ಕೆಯ ಒಳಗಿನ ಬಿರುಕನ್ನು ಹುಡುಕುವ ಹೊಣೆ ಯಾರದು? ಎಷ್ಟು ಗಂಟೆ ಹಾರಿದ ಮೇಲೆ ಅದನ್ನು ನಿಲ್ಲಿಸಲಾಗುತ್ತದೆ?

2002ಕ್ಕೆ ಮೊದಲು ಅಮೆರಿಕದಲ್ಲಿ ಈ ಪ್ರಶ್ನೆಗಳನ್ನು ಕೇಳಬೇಕಾದವರು ಕೇಳಲಿಲ್ಲ. ಉತ್ತರ ದೊರೆತದ್ದು ಪೈಲಟ್‌ಗಳ ಪ್ರಾಣದ ಬೆಲೆಗೆ. ಅದೇ ಉತ್ತರವನ್ನು ಅದೇ ಬೆಲೆ ತೆತ್ತು ಮತ್ತೊಮ್ಮೆ ಕೊಳ್ಳುವ ಅಗತ್ಯ ಯಾವ ನಾಡಿಗೂ ಇಲ್ಲ.