ಉಳಿದ ಪಟ್ಟೆಬಟ್ಟೆಯಿಂದ ನಿರಿಗೆಯ ಮೇಲಂಗಿ

ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರು ಪಡೆದ ಊರು. ಇಂದು ಅವುಗಳಲ್ಲಿ ಅನೇಕವು ಮುಚ್ಚಿಹೋಗಿವೆ. ಸಮೀಪದ ಹರಿಹರದ ಇದಿರಿಗೆ, ತುಂಗಭದ್ರೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ, ಮರದ ತಿರುಳಿನಿಂದ ವಿಸ್ಕೋಸ್ ಎಂಬ ನಾರು ತಯಾರಾಗುತ್ತಿದೆ. ಈ ಎರಡರ ಗುಣಭೇದವನ್ನರಿತ ಗೃಹಿಣಿಗೆ ಪೆಟ್ಟಿಗೆಯ ತಳದಲ್ಲುಳಿದ ತುಂಡೂ ವ್ಯರ್ಥವಾಗದು.

ಕೊರಳ ಮುಂದೆ ನಿರಿಗೆಗಳು ಇಳಿಬೀಳುವ ಮೇಲಂಗಿಗೆ ವಿಸ್ಕೋಸಿನ ಹೆಣಿಗೆಬಟ್ಟೆಯೇ ಉಚಿತವೆಂದು ನಮ್ಮ ಅಭಿಪ್ರಾಯ. ಅದು ಮೃದುವಾಗಿ ಜೋಲುವುದು. ಬಿರುಸಾದ ಹತ್ತಿಯ ಬಟ್ಟೆ ಸೆಟೆದು ನಿಲ್ಲುವುದು. ಆದರೆ ನೆನೆದ ವಿಸ್ಕೋಸು ಸುಮಾರು ಅರ್ಧದಷ್ಟು ಬಲವನ್ನು ಕಳೆದುಕೊಳ್ಳುತ್ತದೆ, ಕುಗ್ಗುವುದೂ ಉಂಟು. ಆದುದರಿಂದ ಕತ್ತರಿಸುವ ಮೊದಲೇ ಒಗೆದು, ತಿರುಚಿ ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು.

ಬಟ್ಟೆ ಹೆಚ್ಚು ಹಿಗ್ಗುವ ದಿಕ್ಕು ಮೈಯನ್ನು ಸುತ್ತಿ ಬರಲಿ. ಮುಂಭಾಗದ ಕೊರಳಂಚನ್ನು ಬಗ್ಗಿಸದೆ, ಅಡ್ಡಪಟ್ಟೆಯೊಂದರ ಗುಂಟ ನೇರವಾಗಿ ಗುರುತಿಸಿ, ಹಿಂಭಾಗದ ಕೊರಳಿಗಿಂತ 6–7 ಅಂಗುಲ ಅಗಲವಾಗಿ ಬಿಡಬೇಕು. ಒಳಕ್ಕೆ ಮಡಿಸಲು ಮೇಲೆ 2 ಅಂಗುಲ ಹೆಚ್ಚಿರಲಿ. ಭುಜಗಳನ್ನು ಕೂಡಿಸಿದೊಡನೆ ಆ ಹೆಚ್ಚಿನ ಅಗಲವೇ ನಿರಿಗೆಯಾಗಿ ಇಳಿದು, ಪಟ್ಟೆಗಳು ಕಮಾನಿನಂತೆ ಬಾಗುವುವು.

ಚೂಪುಮೊನೆಯ ಸೂಜಿ ಹೆಣಿಗೆಯ ಕುಣಿಕೆಗಳನ್ನು ಕತ್ತರಿಸೀತು, ದುಂಡುಮೊನೆಯದನ್ನು ಬಳಸಬೇಕು. ನೇರಹೊಲಿಗೆಯ ದಾರ ಬಟ್ಟೆ ಹಿಗ್ಗಿದಾಗ ಹರಿಯುವುದರಿಂದ ಸಣ್ಣ ಅಂಕುಡೊಂಕು ಹೊಲಿಗೆಯೇ ಲೇಸು.

ತುಂಡು ಚಿಕ್ಕದೆಂದು ಚಿಂತಿಸಬೇಕಾಗಿಲ್ಲ. ಪಟ್ಟೆ ಮುಂಭಾಗಕ್ಕಷ್ಟೇ ಸಾಕು. ಬೆನ್ನಿಗೆ ಅಷ್ಟೇ ತೂಕದ ಒಂದೇ ಬಣ್ಣದ ಹೆಣಿಗೆಬಟ್ಟೆಯನ್ನು ಕೂಡಿಸಬಹುದು. ಆಗ ಪಕ್ಕೆಯಲ್ಲಿ ಪಟ್ಟೆಗೆ ಪಟ್ಟೆ ಸರಿಗೂಡಿಸುವ ಶ್ರಮವೂ ತಪ್ಪುವುದು.