ಒಳಬರುವ ನೀರು, ಹೊರಹೋಗುವ ನೀರು

ಕೊಳಾಯಿಯಲ್ಲಿ ನೀರು ಬಂದಿತೆಂದರೆ ಪೌರಸಭೆಗಳ ಕರ್ತವ್ಯವು ಮುಗಿಯಿತೆಂಬ ಭಾವನೆಯು ಮಹಾಜನರಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರಿದೆ. ಇದು ಅರ್ಧ ಸತ್ಯವು. ಮನೆಗೆ ಬಂದ 100 ಲೀಟರು ನೀರಿನಲ್ಲಿ ಸುಮಾರು 80 ಲೀಟರು ಕೊಳೆನೀರಾಗಿ ಹೊರಬೀಳುವುದೆಂಬುದು ಎಂಜಿನಿಯರುಗಳ ಲೆಕ್ಕ. ಒಳಚರಂಡಿಯುಳ್ಳ ಪಟ್ಟಣಕ್ಕೆ ತಲೆಯೊಂದಕ್ಕೆ ದಿನಕ್ಕೆ 135 ಲೀಟರು, ಅದಿಲ್ಲದ ಪಟ್ಟಣಕ್ಕೆ 70 ಲೀಟರು ಎಂಬ ಮಾನವನ್ನು ಕೇಂದ್ರ ಸರ್ಕಾರದ 1999ರ ಕೈಪಿಡಿಯು ಗೊತ್ತುಮಾಡಿತ್ತು. ನೀರಿನ ಯೋಜನೆಯನ್ನೂ ಚರಂಡಿಯ ಯೋಜನೆಯನ್ನೂ ಬೇರ್ಪಡಿಸಲಾಗದೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಬೇರ್ಪಡಿಸಿದುದರ ಫಲವನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯು ಉಣ್ಣುತ್ತಿದೆ. ಅರ್ಕಾವತಿಯು 1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಿಂದಲೂ ರಾಜಧಾನಿಗೆ ನೀರೆರೆದಳು. 1974ರಿಂದ ತೊರೆಕಾಡನಹಳ್ಳಿಯ ಕಾವೇರಿಯು ಹಾರೋಹಳ್ಳಿಯ ಮಾರ್ಗವಾಗಿ ಬೆಂಗಳೂರಿಗೆ ಏರುತ್ತಿರುವಳು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರು. ಪ್ರತಿಯಾಗಿ ರಾಜಧಾನಿಯು ಕಳುಹಿಸಿದುದೇನು? ವೃಷಭಾವತಿಯಲ್ಲಿ ಕೊಳೆ, ಬೈರಮಂಗಲದ ಕೆರೆಯಲ್ಲಿ ನೊರೆ. ಅದೇ ನೀರು ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನೂ ಮುಟ್ಟುತ್ತದೆ.

ಆದರೆ ಅನ್ಯರನ್ನು ದೂರುವವನ ಅಂಗಳವು ಮೊದಲು ಶುಚಿಯಾಗಿರಬೇಕಷ್ಟೆ. ಮಳೆಮೋರಿಗೆ ಶೌಚದ ಕೊಳವೆಯನ್ನು ಗುಟ್ಟಾಗಿ ಜೋಡಿಸುವ ಗೃಹಸ್ಥನೂ, ರೇಷ್ಮೆಗೂಡು ಬೇಯಿಸಿದ ನೀರನ್ನು ಹೊಳೆಗೆ ಬಿಡುವ ವರ್ತಕನೂ, ಬೆಂಗಳೂರು ನಮಗೆ ಮಾಡಿದುದನ್ನೇ ತಮಗಿಂತ ಕೆಳಗಿನ ಊರಿಗೆ ಮಾಡುತ್ತಾರೆ. ಚರಂಡಿ ಕಟ್ಟಿದಾಗ ಬಡ ಪೌರಕಾರ್ಮಿಕನನ್ನು ರಕ್ಷಣೆಯಿಲ್ಲದೆ ಅದರೊಳಕ್ಕೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಯಂತ್ರವಿಲ್ಲವೆಂಬ ನೆಪವು ಒಂದು ಪ್ರಾಣಕ್ಕೆ ಬೆಲೆಯಾಗಲಾರದು.

ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯು ಮೂರೇ ಮಾತಿನದು. ಒಳಚರಂಡಿಗೂ ಶುದ್ಧೀಕರಣಕ್ಕೂ ಅದೇ ಅಂದಾಜುಪಟ್ಟಿಯಲ್ಲಿ ಹಣವಿರಿಸದ ಯಾವ ನೀರಿನ ಯೋಜನೆಗೂ ಮಂಜೂರಾತಿ ದೊರೆಯಕೂಡದು. ರಾಜಧಾನಿಯ ಕೊಳೆಯು ರಾಜಧಾನಿಯ ಎಲ್ಲೆಯೊಳಗೇ ಶುದ್ಧವಾಗತಕ್ಕದ್ದು. ನಾಲ್ಕೂ ಪಟ್ಟಣಗಳಲ್ಲಿ ನಲ್ಲಿಗೆ ಯಾವ ದಿನ, ಎಷ್ಟು ಹೊತ್ತು ನೀರು ಬಂದಿತೆಂಬುದನ್ನೂ, ಆ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಪ್ರತಿವಾರವೂ ಪೌರಸಭೆಯ ಬಾಗಿಲಲ್ಲಿ ಅಂಟಿಸಬೇಕು. ಕಂದಾಯ ಕೊಡುವವನಿಗೆ ಲೆಕ್ಕ ಕೇಳುವ ಅಧಿಕಾರವೂ ಉಂಟು, ಲೆಕ್ಕ ಕೇಳುವವನಿಗೆ ಕಂದಾಯ ಕೊಡುವ ಹೊಣೆಯೂ ಉಂಟು.

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ನಾಮಕರಣವಾಯಿತು. ರಾಜಧಾನಿಯ ಹೆಸರು ಬಂದಮೇಲೆ ರಾಜಧಾನಿಗೆ ಸಲ್ಲುವ ಶುದ್ಧ ನೀರೂ ಬರಲಿ. ಹೆಸರೂ ಕೊಳೆಯೂ ಮಾತ್ರ ನಮ್ಮ ಪಾಲಾಗದಿರಲಿ.